ಮಕ್ಕಳ ಕತೆಗಾರ್ತಿಗೆ ನಿಮ್ಮ ಪ್ರಶ್ನೆ

ಪ್ರಶ್ನೆ: ನನ್ನ ಮಕ್ಕಳ ಕತೆಯನ್ನು ಮೂರು ಪ್ರಕಾಶಕರು ವಾಪಸ್ ಕಳಿಸಿದ್ದಾರೆ. ಬರೆಯೋದು ಬಿಟ್ಟುಬಿಡಲಾ?

ಉತ್ತರ: ಬರೀ ಮೂರಾ! ಇಂಗ್ಲೆಂಡಿನ ಮಕ್ಕಳ ಕತೆಗಾರ್ತಿ ಬಿಯಾಟ್ರಿಕ್ಸ್ ಪಾಟರ್ 1893ರಲ್ಲಿ ಕಾಯಿಲೆ ಬಿದ್ದ ಪುಟ್ಟ ಹುಡುಗನೊಬ್ಬನಿಗೆ ಚಿತ್ರ ಬಿಡಿಸಿ ಕಾಗದ ಬರೆದರು, ಅದೇ ಮುಂದೆ ಪೀಟರ್ ಮೊಲದ ಕತೆಯಾಯಿತು. ಪ್ರಕಾಶಕರು ಬೇಡ ಅಂದಾಗ 1901ರಲ್ಲಿ ತಾವೇ ದುಡ್ಡು ಹಾಕಿ 250 ಪ್ರತಿ ಅಚ್ಚು ಹಾಕಿಸಿದರು. ಮೊದಲು ಬೇಡ ಅಂದವರಲ್ಲೇ ಒಬ್ಬರು ಮರುವರ್ಷ ಅದನ್ನು ಪ್ರಕಟಿಸಿದರು. ಆದರೆ ನಿಮ್ಮ ಮೂವರೂ ಒಂದೇ ಕಾರಣ ಹೇಳಿದ್ದರೆ ಮಾತ್ರ ಕತೆಯನ್ನು ಇನ್ನೊಮ್ಮೆ ನೋಡಿ.

ಪ್ರಶ್ನೆ: ಚಿತ್ರಪುಸ್ತಕಗಳಲ್ಲಿ ಜಾಸ್ತಿ 32 ಪುಟವೇ ಇರುತ್ತದಲ್ಲ, ಯಾಕೆ?

ಉತ್ತರ: ದೊಡ್ಡ ಹಾಳೆಯನ್ನು ಮಡಚುತ್ತಾ ಹೋದರೆ 8, 16, 32 ಹೀಗೆ ಪುಟ ಬರುತ್ತವೆ, ಅಷ್ಟೇ.

ಪ್ರಶ್ನೆ: ಮಗಳು ದಿನಾ ಅದೇ ಪುಸ್ತಕ ಓದಿಸುತ್ತಾಳೆ. ಸಾಕಾಗಿದೆ!

ಉತ್ತರ: ಸುಮ್ನೆ ಓದಿ. ಒಂದು ರಾತ್ರಿ ನಿದ್ದೆಗಣ್ಣಲ್ಲಿ ನಾನೊಂದು ಸಾಲು ಹಾರಿಸಿದೆ. ಹೊದಿಕೆಯೊಳಗಿಂದ ಪುಟ್ಟ ಕೈಯೊಂದು ಬಂದು ಸರಿಯಾಗಿ ಆ ಪುಟದ ಮೇಲೆ ಬೆರಳಿಟ್ಟಿತು. 'ಅಮ್ಮಾ, ಇಲ್ಲಿ ಆಮೆ ಸೀನಬೇಕು.' ಮಗನಿಗೆ ಆಗಿನ್ನೂ ಅಕ್ಷರವೇ ಬರುತ್ತಿರಲಿಲ್ಲ!

ಪ್ರಶ್ನೆ: ಬರೆಯೋಕೆ ನಿಮ್ಮ ನಿಯಮ?

ಉತ್ತರ: ಒಲೆ ಮೇಲೆ ಹಾಲಿಟ್ಟು ಕೂರಬಾರದು. ಎರಡು ಪಾತ್ರೆ ಸೀದ ಮೇಲೆ ಕಲಿತದ್ದು.