ಮೂರು ನಿಮಿಷದಲ್ಲಿ ಡಾಕ್ಟರು ಪಾದ ನೋಡುವುದು ಯಾವಾಗ?

ಪ್ರಶ್ನೆ: ಅಪ್ಪನಿಗೆ 66 ವರ್ಷ. ಹನ್ನೆರಡು ವರ್ಷದಿಂದ ಶುಗರ್, ಬಿಪಿ ಎರಡೂ ಇವೆ. ತಿಂಗಳಿಗೊಮ್ಮೆ ಸರಕಾರಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಎರಡು ಗಂಟೆ ಕಾದರೆ ಡಾಕ್ಟರ ಎದುರು ಎರಡೋ ಮೂರೋ ನಿಮಿಷ. ಹಳೇ ಮದ್ದನ್ನೇ ಬರೆದು ಕಳಿಸುತ್ತಾರೆ. ಕಣ್ಣು, ಪಾದ ಒಮ್ಮೆಯೂ ನೋಡಿಲ್ಲ. ಇದು ಅಸಡ್ಡೆಯಲ್ಲವೇ?
— ಓದುಗರು, ಬದಿಯಡ್ಕ (ಕಾಸರಗೋಡು, ಕೇರಳ)

ಉತ್ತರ: ಮೊದಲು ಲೆಕ್ಕ ನೋಡೋಣ. ಬೆಳಗ್ಗೆ 9ರಿಂದ 1ರವರೆಗೆ 240 ನಿಮಿಷ. ಒ.ಪಿ. ಚೀಟಿ 80 ಆದರೆ ಒಬ್ಬರಿಗೆ ಸಿಗುವುದು 3 ನಿಮಿಷ. 2022ರಲ್ಲಿ ಅಮೆರಿಕದ ಸಂಶೋಧಕರು ಹಾಕಿದ ಲೆಕ್ಕವೊಂದಿದೆ: 2,500 ಮಂದಿಯನ್ನು ನೋಡಿಕೊಳ್ಳುವ ಒಬ್ಬ ಡಾಕ್ಟರು ಮಾರ್ಗಸೂಚಿಯಲ್ಲಿರುವುದನ್ನೆಲ್ಲ ಮಾಡಹೊರಟರೆ ದಿನಕ್ಕೆ 26.7 ಗಂಟೆ ಬೇಕು. ಅದರಲ್ಲಿ 14.1 ಗಂಟೆ ರೋಗ ಬಾರದಂತೆ ತಡೆಯುವ ಕೆಲಸಕ್ಕೇ ಹೋಗುತ್ತದೆ. ನರ್ಸ್ ಮೊದಲಾದವರು ಕೆಲಸ ಹಂಚಿಕೊಂಡರೆ ಡಾಕ್ಟರ ಪಾಲು 9.3 ಗಂಟೆಗೆ ಇಳಿಯುತ್ತದೆ. ಸಮಯ ಸಾಲದಾದಾಗ ಮೊದಲು ಬಿಟ್ಟುಹೋಗುವುದು ಸದ್ದು ಮಾಡದ ತೊಂದರೆ. ಜ್ವರ ಬಂದವರು ಹೇಳಿಕೊಳ್ಳುತ್ತಾರೆ, ಶುಗರಿನಿಂದ ಜೋಮು ಹಿಡಿದ ಪಾದ ಗಾಯವಾದರೂ ನೋಯುವುದೇ ಇಲ್ಲ.

ಹಾಗೆಂದು ಅಪ್ಪನ ಪಾದ ನೋಡದೆ ಬಿಡುವುದು ಸರಿಯಲ್ಲ. ವರ್ಷಕ್ಕೊಮ್ಮೆ ಆಗಲೇಬೇಕಾದವು ಇವು: ಹನಿ ಬಿಟ್ಟು ಕಣ್ಣಿನ ಒಳಪದರ ನೋಡುವುದು, ಕಿಡ್ನಿ ಹೇಗಿದೆಯೆಂದು ತಿಳಿಯಲು ಮೂತ್ರದಲ್ಲಿ ಆಲ್ಬುಮಿನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್, ಜತೆಗೆ ರಕ್ತದ ಕೊಲೆಸ್ಟರಾಲ್, 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆ ಒತ್ತಿ ಪಾದದ ಸ್ಪರ್ಶ ಪರೀಕ್ಷೆ. ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಹಿಡಿತದಲ್ಲಿದ್ದರೆ ಆರು ತಿಂಗಳಿಗೊಮ್ಮೆ, ಇಲ್ಲವಾದರೆ ಮೂರು ತಿಂಗಳಿಗೊಮ್ಮೆ. ಇವೆಲ್ಲವನ್ನೂ ಒಂದೇ ಸಲ ಕೇಳಬೇಡಿ. ಈ ತಿಂಗಳು ಕಣ್ಣು, ಮುಂದಿನ ತಿಂಗಳು ಪಾದ ಎಂದು ಹಂಚಿಕೊಳ್ಳಿ. ಒಳಗೆ ಹೋದೊಡನೆ ಮೊದಲ ಮಾತು ಅದೇ ಇರಲಿ. ಎದ್ದು ಹೊರಡುವಾಗ ಕೇಳಿದ್ದಕ್ಕೆ ಉತ್ತರ ಕೊಡಲು ಅವರಿಗೆ ಸಮಯ ಉಳಿದಿರುವುದಿಲ್ಲ.

ಕೇರಳದಲ್ಲಿ ಸರಕಾರಿ ಆಸ್ಪತ್ರೆಗಳ ಸುಧಾರಣೆಗೆಂದು ಬಂದ 2017ರ ಆರ್ದ್ರಂ ಮಿಷನ್ನಿನಡಿ ಕುಟುಂಬಾರೋಗ್ಯ ಕೇಂದ್ರವಾದ ಕಡೆಗಳಲ್ಲಿ ಡಾಕ್ಟರನ್ನು ಕಾಣುವ ಮೊದಲೇ ನರ್ಸ್ ಬಿಪಿ, ತೂಕ ನೋಡುವ ಕ್ರಮವಿದೆ. ಪಾದ ಪರೀಕ್ಷೆಯನ್ನೂ ತರಬೇತಾದ ನರ್ಸ್ ಮಾಡಬಲ್ಲರು, ಅವರನ್ನೇ ಕೇಳಿ.

ಬಿಪಿಯಲ್ಲಿ ತಪ್ಪುವುದು ಬಹಳ. ಬಸ್ಸಿಳಿದು ಏರು ಹತ್ತಿ ಬಂದವರ ಕೈಗೆ ಕೂಡಲೇ ಪಟ್ಟಿ ಸುತ್ತಿದರೆ ಅಂಕಿ ಮೇಲೇ ಇರುತ್ತದೆ. ಮೂತ್ರ ಮಾಡಿಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೂರಿ, ಮಾತಾಡದೆ 5 ನಿಮಿಷ ಕೂರಬೇಕು. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ ಬೇಡ. ಮನೆಯಲ್ಲಿ ಮೆಶಿನ್ ಇದ್ದರೆ ಭೇಟಿಗೆ ಮೊದಲು 7 ದಿನ ಬೆಳಗ್ಗೆ ಎರಡು ಸಲ, ಸಂಜೆ ಎರಡು ಸಲ ನೋಡಿ ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಆ ಒಂದು ಅಂಕಿಯಿಂದ ಡಾಕ್ಟರಿಗೆ ಸಮಯ ಉಳಿಯುತ್ತದೆ. ಡಾಕ್ಟರಿಗೆ ಕನ್ನಡ ಬಾರದಿದ್ದರೂ ಅಂಕಿ ಅರ್ಥವಾಗುತ್ತದೆ. ರಕ್ತಪರೀಕ್ಷೆಗೆ ಖಾಲಿಹೊಟ್ಟೆಯಲ್ಲಿ ಬರುವ ದಿನ ಬಿಪಿ ಮಾತ್ರೆಯನ್ನೂ ಬಿಟ್ಟು ಬರುವವರಿದ್ದಾರೆ. ಅದನ್ನು ನೀರಿನೊಂದಿಗೆ ನುಂಗಿಯೇ ಬರಲಿ. ಶುಗರ್ ಮಾತ್ರೆ ಮಾತ್ರ ರಕ್ತ ಕೊಟ್ಟು ತಿಂಡಿ ತಿನ್ನುವಾಗ.

ಇನ್ನೊಂದು, ಮಂಗಳೂರಲ್ಲೂ ತೋರಿಸುವವರಿಗೆ ಮುಖ್ಯವಾದದ್ದು. ಅಲ್ಲಿ ಬರೆದ ಬ್ರ್ಯಾಂಡಿನ ಒಳಗೂ ಇಲ್ಲಿ ಕೊಟ್ಟ ಮಾತ್ರೆಯ ಒಳಗೂ ಟೆಲ್ಮಿಸಾರ್ಟನ್ ಎಂಬ ಒಂದೇ ಬಿಪಿ ಮದ್ದು ಇರಬಹುದು. ಎರಡನ್ನೂ ನುಂಗಿದರೆ ಬಿಪಿ ಇಳಿದು ತಲೆ ಸುತ್ತುತ್ತದೆ. ಸೊಂಟನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಜತೆಗೆ ಸೇರಿದರೆ ಕಿಡ್ನಿಗೆ ಪೆಟ್ಟು. ಚೀಟಿಗಿಂತ ಮಾತ್ರೆಯ ಸ್ಟ್ರಿಪ್ಪುಗಳನ್ನೇ ಒಂದು ಚೀಲದಲ್ಲಿ ಹಾಕಿ ತನ್ನಿ, ಮೇಜಿನ ಮೇಲೆ ಹರವಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಪಾದವನ್ನು ದಿನಾ ರಾತ್ರಿ ನೀವೇ ನೋಡಿ: ಬೆರಳ ಸಂದು, ಹಿಮ್ಮಡಿ, ಕೆಳಗೆ ಕನ್ನಡಿ ಹಿಡಿದು ಅಂಗಾಲು. ಅಡಿಕೆ ತೋಟಕ್ಕೆ ಬರಿಗಾಲಲ್ಲಿ ಹೋಗುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಗಾಯದ ಸುತ್ತ ಕೆಂಪು, ಊತ, ಕೀವು ಕಂಡರೆ ಅಥವಾ ಬೆರಳು ಕಪ್ಪಾದರೆ ತಿಂಗಳ ಭೇಟಿಗೆ ಕಾಯಬೇಡಿ. ಅದೇ ದಿನ ಹೋಗಿ, ಸಾಲಲ್ಲಿ ನಿಲ್ಲದೆ ನೇರ ನರ್ಸಿಗೆ ತೋರಿಸಿ.