ಏಳು ಕ್ಲಬ್ಬಿಗೆ ಹೆಸರು ಕೊಟ್ಟ ಹುಡುಗಿ

ನವೆಂಬರ್ ತಿಂಗಳ ಒಂದು ಮಧ್ಯಾಹ್ನ. ನನ್ನ ಕೋಣೆಯ ಹೊರಗೆ ಒಬ್ಬಳು ಹುಡುಗಿ ತುಂಬ ಹೊತ್ತಿನಿಂದ ನಿಂತಿದ್ದಳು. ಕರೆದು ಕೂರಿಸಿದೆ. ಕೈಯಲ್ಲಿ ಮಡಿಸಿದ ಕಾಗದ ಇತ್ತು. ಟಿ.ಸಿ. ಬೇಕೆಂದು ಬರೆದ ಅರ್ಜಿ. ಅದನ್ನು ಆಫೀಸಿಗೆ ಕೊಡುವ ಮೊದಲು ಒಮ್ಮೆ ನನ್ನ ಹತ್ತಿರ ಮಾತಾಡು ಎಂದು ಅವಳ ಕ್ಲಾಸ್ ಮೇಡಂ ಕಳಿಸಿದ್ದರು.

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಆಪ್ತಸಲಹೆಗಾರ್ತಿ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಓದುವ ವಿಷಯ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವಳನ್ನು ಭಾಗ್ಯ ಎಂದು ಕರೆಯುತ್ತೇನೆ. ಊರು ಗದಗದ ಕಡೆ ಎಂದಿಟ್ಟುಕೊಳ್ಳಿ.

“ಯಾಕೆ ಹೋಗ್ತಿ?” ಎಂದು ಕೇಳಿದೆ.

“ನನಗ ಇಲ್ಲಿ ಯಾರೂ ಇಲ್ರಿ ಮೇಡಂ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವುದಾದರೂ ಕ್ಲಬ್ಬಿಗೆ ಸೇರಿದ್ದೀಯಾ ಎಂದು ಕೇಳಿದೆ. ಅವಳು ತಲೆ ಎತ್ತಿದಳು. “ಏಳಕ್ಕ ಹೆಸರು ಕೊಟ್ಟೇನ್ರಿ.”

ಕ್ಲಾಸು ಶುರುವಾದ ವಾರ ನಮ್ಮ ಕಾಲೇಜಿನ ಅಂಗಳದಲ್ಲಿ ಮೇಜುಗಳನ್ನು ಸಾಲಾಗಿ ಹಾಕುತ್ತಾರೆ. ಎನ್‌ಎಸ್‌ಎಸ್, ಯುವ ರೆಡ್‌ಕ್ರಾಸ್, ಕನ್ನಡ ಸಂಘ, ತುಳು ಸಂಘ, ಯಕ್ಷಗಾನ ಸಂಘ, ಕ್ವಿಜ್, ಡಿಬೇಟ್, ನೇಚರ್ ಕ್ಲಬ್, ಡ್ಯಾನ್ಸ್ ತಂಡ. “ಕ್ಲಬ್ ಸೇರು, ಫ್ರೆಂಡ್ಸ್ ಆಗ್ತಾರ” ಎಂದು ಅವಳ ಮಾವನ ಮಗ ಊರಲ್ಲೇ ಹೇಳಿ ಕಳಿಸಿದ್ದ. ಅವಳು ಕಂಡ ಕಂಡ ಮೇಜಿನಲ್ಲಿ ಹೆಸರು ಬರೆದಳು. ಸಂಜೆಯೊಳಗೆ ಫೋನಿನಲ್ಲಿ ಏಳು ವಾಟ್ಸ್‌ಆ್ಯಪ್ ಗುಂಪು. ನವೆಂಬರಿನ ಹೊತ್ತಿಗೆ ಅವಳು ಕೂತು ಎದ್ದು ಬಂದದ್ದು ಬರೀ ಎರಡು ಸಭೆಯಿಂದ.

ಒಂದು ಡಿಬೇಟ್ ಕ್ಲಬ್ಬಿನದ್ದು. ಎಲ್ಲರೂ ಎದ್ದು ನಿಂತು ಪರಿಚಯ ಹೇಳಬೇಕಿತ್ತು. ಇವಳೂ ಹೇಳಿದಳು, ತನ್ನ ಊರಿನ ಕನ್ನಡದಲ್ಲಿ. ಸೀನಿಯರ್ ಒಬ್ಬಳು ಖುಷಿಯಿಂದ, “ನಿನ್ನ ಕನ್ನಡ ಭಾರೀ ಲಾಯ್ಕ ಉಂಟು ಮಾರಾಯ್ತಿ, ಇನ್ನೊಮ್ಮೆ ಹೇಳು” ಎಂದಳು. ಕೋಣೆ ತುಂಬ ನಗು. ಭಾಗ್ಯ ಕೂತಳು. ಆಮೇಲೆ ಆ ಕೋಣೆಯಲ್ಲಿ ಬಾಯಿ ಬಿಡಲಿಲ್ಲ.

ಇನ್ನೊಂದು ನೇಚರ್ ಕ್ಲಬ್. ಸಭೆ ಕನ್ನಡ, ಇಂಗ್ಲಿಷಿನಲ್ಲಿ ಚೆನ್ನಾಗಿಯೇ ನಡೆಯಿತಂತೆ. ಮುಗಿದದ್ದೇ ಎಲ್ಲರೂ ತುಳುವಿಗೆ ಹೊರಳಿದರು. ಕ್ಯಾಂಟೀನ್ ತನಕ ಜೊತೆಗೆ ನಡೆದಳು. ಅವರು ನಕ್ಕಾಗ ಇವಳೂ ನಕ್ಕಳು. ಯಾಕೆಂದು ಗೊತ್ತಿಲ್ಲ. ಚಹಾ ಬರುವ ಮೊದಲೇ ಎದ್ದು ಹಾಸ್ಟೆಲಿಗೆ ಬಂದಳು. “ನಾ ಎದ್ದಿದ್ದು ಯಾರಿಗೂ ಗೊತ್ತಾಗಲಿಲ್ರಿ” ಎನ್ನುವಾಗ ಮಾತ್ರ ಅತ್ತಳು.

ಇಂಥ ಮಾತು ಬಂದಾಗ ನಾನು ಮೊದಲು ಕ್ಲಬ್ಬಿನ ವಿಷಯ ಬದಿಗಿಡುತ್ತೇನೆ. ನಿದ್ದೆ ಬರ್ತದಾ, ಊಟ ಸೇರ್ತದಾ, ಬದುಕೇ ಬೇಡ ಅನ್ನಿಸಿದ್ದುಂಟಾ ಎಂದು ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ. ಕೇಳಿದರೆ ಮಕ್ಕಳಿಗೆ ಹಗುರವಾಗುತ್ತದೆ. ಭಾಗ್ಯಳಿಗೆ ಅಂಥದ್ದಿರಲಿಲ್ಲ. ಹಾಸ್ಟೆಲಿನ ಕುಚ್ಚಲಕ್ಕಿ ಅನ್ನ ಸೇರುತ್ತಿರಲಿಲ್ಲ, ರೊಟ್ಟಿಯ ನೆನಪು ಜಾಸ್ತಿ, ರಾತ್ರಿ ತಡವಾಗಿ ನಿದ್ದೆ. ಅಷ್ಟೇ.

ಇನ್ನೊಂದನ್ನೂ ಕೇಳಿದೆ. ಆ ನಗು ಒಂದೇ ಸಲವಾ, ದಿನಾ ಬೆನ್ನು ಹತ್ತಿದ್ದಾ? ಇದು ಮುಖ್ಯ. ರ‍್ಯಾಗಿಂಗ್ ತಡೆಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2009ರಲ್ಲಿ ನಿಯಮ ತಂದಿತು. 2016ರ ತಿದ್ದುಪಡಿಯಲ್ಲಿ, ಭಾಷೆ ಮತ್ತು ಊರಿನ ಕಾರಣಕ್ಕೆ ಒಬ್ಬರನ್ನು ಪೀಡಿಸುವುದು, ಹೊರಗಿಡುವುದು ಕೂಡ ರ‍್ಯಾಗಿಂಗ್ ಎಂದು ಸೇರಿಸಿದರು. ತುಂಬ ಮಕ್ಕಳಿಗೆ ಇದು ಗೊತ್ತಿಲ್ಲ. ದೂರು ಕೊಡಲು ದೇಶಕ್ಕೆಲ್ಲ ಒಂದೇ ಸಹಾಯವಾಣಿ ಇದೆ, 1800-180-5522. ಭಾಗ್ಯಳ ವಿಷಯದಲ್ಲಿ ಅದು ಒಂದೇ ದಿನದ ನಗು. ಆ ಸೀನಿಯರ್ ಆಮೇಲೆ ಎರಡು ಸಲ ಮೆಸೇಜ್ ಮಾಡಿ ಯಾಕೆ ಬರ್ತಾ ಇಲ್ಲ ಎಂದು ಕೇಳಿದ್ದಳು. ಇವಳು ಉತ್ತರಿಸಿರಲಿಲ್ಲ.

ಆ ದಿನ ನಾವು ಹೆಚ್ಚು ಮಾತಾಡಿದ್ದು ಕನ್ನಡದ ಬಗ್ಗೆಯೇ.

ಇಲ್ಲಿನ ಹೆಚ್ಚಿನ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಅವರಿಗೆ ಶಾಲೆಯಿಂದ ಬಂದದ್ದು. ಅದಕ್ಕೇ ನಮ್ಮ ಮಂಗಳೂರು ಕನ್ನಡ ಪುಸ್ತಕದ ಹಾಗೆ ಕೇಳುತ್ತದೆ. ಹೋಗುವ, ಬರ್ಲಿಕ್ಕುಂಟು, ಗೊತ್ತುಂಟು ಎನ್ನುತ್ತೇವೆ. ಬೇರೆ ಊರಿಗೆ ಹೋದಾಗ ನಮ್ಮ ಕನ್ನಡ ಕೇಳಿ ಜನ ನಗುತ್ತಾರೆ. ನಾನು ಧಾರವಾಡದಲ್ಲಿ ಓದುವಾಗ ಇದನ್ನು ಅನುಭವಿಸಿದ್ದೇನೆ. ಭಾಗ್ಯಳಿಗೆ ಅದನ್ನು ಹೇಳಿದೆ. ಅಲ್ಲಿ ನಾನು ‘ಎಂತ’ ಎಂದರೆ ಸಾಕು, ಹಾಸ್ಟೆಲಿನ ಹುಡುಗಿಯರು ಸುತ್ತ ಸೇರುತ್ತಿದ್ದರು. ಮೊದಲ ತಿಂಗಳು ನನಗೂ ಅದು ಅವಮಾನ ಅನ್ನಿಸಿತ್ತು.

“ನಿಮಗೂನಾ ಮೇಡಂ?” ಎಂದಳು. ಅರ್ಜಿ ಅಷ್ಟರಲ್ಲಿ ಬ್ಯಾಗಿನೊಳಗೆ ಹೋಗಿತ್ತು.

2018ರಲ್ಲಿ ಅಮೆರಿಕದಲ್ಲಿ ಎರಿಕಾ ಬೂತ್‌ಬಿ ಮತ್ತು ಜೊತೆಗಾರರು ಒಂದು ಅಧ್ಯಯನ ಮಾಡಿದ್ದರು. ಅಪರಿಚಿತರು ಇಬ್ಬರು ಕೂತು ಮಾತಾಡುತ್ತಾರೆ. ಆಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದರೆ, ಅವರು ನನ್ನನ್ನು ಅಷ್ಟೇನೂ ಇಷ್ಟಪಡಲಿಲ್ಲ ಎಂದೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ನಿಜದಲ್ಲಿ ಎದುರಿನವರು ಅದಕ್ಕಿಂತ ಜಾಸ್ತಿ ಇಷ್ಟಪಟ್ಟಿರುತ್ತಾರೆ. ಹಾಸ್ಟೆಲಿನಲ್ಲಿ ಜೊತೆಯಾಗಿ ಉಳಿದುಕೊಳ್ಳುವ ವಿದ್ಯಾರ್ಥಿಗಳಲ್ಲಿ ಈ ತಪ್ಪು ಎಣಿಕೆ ತಿಂಗಳುಗಟ್ಟಲೆ ಉಳಿದಿತ್ತಂತೆ. ಇದನ್ನು ಭಾಗ್ಯಳಿಗೆ ಹೇಳಿ, ಆ ಸೀನಿಯರ್ ಕಳಿಸಿದ ಮೆಸೇಜುಗಳನ್ನು ಮತ್ತೆ ಓದಿಸಿದೆ. ಅವಳು ಎರಡು ಸಲ ಓದಿ ಫೋನ್ ಮಡಿಲಲ್ಲಿ ಇಟ್ಟುಕೊಂಡಳು.

ನನ್ನ ಮೊದಲ ಸಲಹೆ ಹೀಗಿತ್ತು. ಐದು ಗುಂಪಿನಿಂದ ಹೊರಗೆ ಬಾ. ಎನ್‌ಎಸ್‌ಎಸ್‌ಗೆ ಹೋಗು. ಅಲ್ಲಿ ಆಡಿಷನ್ ಇಲ್ಲ, ಹಾಡಬೇಕಿಲ್ಲ, ಭಾಷಣ ಬೇಕಿಲ್ಲ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ. ಪರಿಚಯ ಗಟ್ಟಿಯಾದ ಸ್ನೇಹ ಆಗಲು ಸುಮಾರು 200 ಗಂಟೆ ಜೊತೆಯಲ್ಲಿ ಕಳೆಯಬೇಕಾಗುತ್ತದೆ ಎಂದು ಜೆಫ್ರಿ ಹಾಲ್ ಎಂಬ ಸಂಶೋಧಕರು 2018ರಲ್ಲಿ ಅಂದಾಜು ಮಾಡಿದ್ದರು. ಆ ಎರಡು ಲೆಕ್ಕ ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡಿತ್ತು. 240 ಗಂಟೆ ಇದ್ದರೆ ಸ್ನೇಹ ಆಗಿಯೇ ಆಗುತ್ತದೆ ಅಂದುಕೊಂಡೆ.

ಆಗಲಿಲ್ಲ. ಅವಳು ಹೇಳಿದ ಹಾಗೆಯೇ ಮಾಡಿದಳು. ಒಂದು ಭಾನುವಾರ ತಣ್ಣೀರುಬಾವಿ ಬೀಚ್ ಸ್ವಚ್ಛ ಮಾಡಲು ಹೋದಳು. ನೂರರ ಹತ್ತಿರ ಮಕ್ಕಳು. ಹಳೆಯ ಗೆಳೆಯರು ಒಟ್ಟೊಟ್ಟಿಗೆ ಹೋದರು. ಇವಳಿಗೆ ಗ್ಲೌಸ್ ಮತ್ತು ಚೀಲ ಸಿಕ್ಕಿತು. ಚೀಲ ತುಂಬಿಸಿದಳು, ಗ್ರೂಪ್ ಫೋಟೊದಲ್ಲಿ ಕೊನೆಯ ಸಾಲಿನಲ್ಲಿ ನಿಂತಳು, ಬಸ್ಸಿನಲ್ಲಿ ಒಬ್ಬಳೇ ವಾಪಸು ಬಂದಳು. ಮೂರು ವಾರ ಹೋಗಿ ಆಮೇಲೆ ಬಿಟ್ಟಳು.

ತಪ್ಪು ಅವಳದ್ದಲ್ಲ, ಎನ್‌ಎಸ್‌ಎಸ್‌ನದ್ದೂ ಅಲ್ಲ. ನಾನು ಗಂಟೆ ಎಣಿಸಿದೆ, ಮನುಷ್ಯರನ್ನು ಎಣಿಸಲಿಲ್ಲ. ನೂರು ಜನರ ನಡುವೆ ಕಳೆದ ಗಂಟೆ ಯಾರ ಜೊತೆಯಲ್ಲೂ ಕಳೆದ ಗಂಟೆ ಅಲ್ಲ. ನಾಚಿಕೆಯ ಮಕ್ಕಳಿಗೆ ಇದು ಮುಖ್ಯ. ಹತ್ತು ಹನ್ನೆರಡು ಜನ ಇರಬೇಕು. ವಾರಕ್ಕೆ ಎರಡು ಮೂರು ಸಲ ಅದೇ ಮುಖಗಳು ಸಿಗಬೇಕು. ಮತ್ತೆ, ಇದು ನನಗೆ ಎಲ್ಲಕ್ಕಿಂತ ದೊಡ್ಡದು, ಅವರು ಬಾರದಿದ್ದರೆ ನಿಂತುಹೋಗುವ ಒಂದು ಕೆಲಸ ಅವರ ಕೈಯಲ್ಲಿರಬೇಕು. ಸಣ್ಣದಾದರೂ ಸಾಕು. ಬೀಗದ ಕೈ ಇಟ್ಟುಕೊಳ್ಳುವುದು, ಹಾಜರಿ ಬರೆಯುವುದು, ಏನಾದರೂ. ಕೆಲಸ ಇದ್ದವರಿಗೆ ‘ನಾನು ಇಲ್ಲಿ ಯಾಕೆ ನಿಂತಿದ್ದೇನೆ’ ಎಂಬ ಪ್ರಶ್ನೆ ಬರುವುದಿಲ್ಲ. ಬಾರದಿದ್ದರೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ. ಕ್ಯಾಂಟೀನಿನಿಂದ ಎದ್ದು ಹೋದದ್ದು ಯಾರಿಗೂ ಗೊತ್ತಾಗಲಿಲ್ಲ ಎಂದು ಅತ್ತ ಹುಡುಗಿಗೆ ಬೇಕಿದ್ದದ್ದು ಇದೇ ಅಲ್ವಾ?

ಹಾಗಾಗಿ ಮುಂದಿನ ಸಲ ಬಂದಾಗ ನಿನಗೆ ಏನು ಇಷ್ಟ ಎಂದು ಕೇಳಲಿಲ್ಲ. ಏನು ಮಾಡಿ ಗೊತ್ತು ಎಂದು ಕೇಳಿದೆ. ಅಜ್ಜಿಗೆ ಪುರಾಣ ಓದಿ ಹೇಳುತ್ತಿದ್ದಳಂತೆ. ಅಜ್ಜಿಗೆ ಕಣ್ಣು ಸರಿ ಇರಲಿಲ್ಲ. ಶನಿವಾರ ಗುಡಿಯಲ್ಲೂ ಓದುತ್ತಿದ್ದಳು.

ಯಕ್ಷಗಾನ ಸಂಘಕ್ಕೆ ಪುಸ್ತಕ ಹಿಡಿಯುವವರು ಬೇಕಿತ್ತು. ನಮ್ಮ ಮಕ್ಕಳು ಪ್ರಸಂಗದ ಅರ್ಥ, ಅಂದರೆ ಪಾತ್ರಗಳು ಆಡುವ ಮಾತು, ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಅಭ್ಯಾಸದಲ್ಲಿ ಮಾತು ಮರೆತಾಗ ಪಕ್ಕದಲ್ಲಿ ಕೂತು ಎತ್ತಿಕೊಡಲು ಒಬ್ಬರು ಬೇಕು. ಎಲ್ಲರಿಗೂ ಕುಣಿಯುವ ಆಸೆ, ಪುಸ್ತಕ ಹಿಡಿಯಲು ಜನ ಸಿಗುವುದಿಲ್ಲ. ಇನ್ನೊಂದು ವಿಷಯವೂ ನನ್ನ ಮನಸ್ಸಿನಲ್ಲಿತ್ತು. ಕನ್ನಡ ಪ್ರಸಂಗದ ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಮಾತು ಬರಬಾರದು. ತುಳುವಿನ ಮಕ್ಕಳೂ ಅಲ್ಲಿ ತಡವರಿಸುತ್ತಾ, ನಾಲಿಗೆ ತಿದ್ದಿಕೊಳ್ಳುತ್ತಾ ಕನ್ನಡ ಮಾತಾಡುತ್ತಾರೆ. ಆ ಜಗಲಿಯಲ್ಲಿ ಎಲ್ಲರಿಗೂ ಕನ್ನಡ ಕಷ್ಟವೇ.

ಭಾಗ್ಯ ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು ಶೈಲಿ ಯಾವುದನ್ನೂ ನೋಡಿರಲಿಲ್ಲ. ತನ್ನ ಕಡೆಯ ದೊಡ್ಡಾಟ ನೋಡಿದ್ದಳು. “ಅದ ಬ್ಯಾರೆ ಏನ್ರಿ?” ಎಂದು ಕೇಳಿದಳು. ಹೋಗಿ ನೋಡು ಎಂದೆ.

ಒಂದು ಅಡ್ಡಿ ಉಳಿದಿತ್ತು. ಅಭ್ಯಾಸ ಮುಗಿಯುವುದು ಏಳು ಗಂಟೆಗೆ, ಹಾಸ್ಟೆಲ್ ಗೇಟು ಹಾಕುವುದು ಆರೂವರೆಗೆ. ಈ ಅರ್ಧ ಗಂಟೆಯಿಂದ ಎಷ್ಟು ಹುಡುಗಿಯರು ಎಷ್ಟು ಸಂಘ ಬಿಟ್ಟಿದ್ದಾರೋ. ವಾರ್ಡನ್ ಹತ್ತಿರ ನಾನೇ ಮಾತಾಡಿದೆ. ಸಂಘದ ಉಸ್ತುವಾರಿಯ ಸರ್ ಪತ್ರ ಕೊಟ್ಟರು. ಅಭ್ಯಾಸದ ದಿನ ಏಳೂಕಾಲರ ತನಕ ಅನುಮತಿ ಸಿಕ್ಕಿತು. ಇಂಥದ್ದನ್ನು ಕೇಳಲು ಮಕ್ಕಳು ಹೆದರುತ್ತಾರೆ. ಕೇಳಿ. ಹೆಚ್ಚಿನ ವಾರ್ಡನ್‌ಗಳಿಗೆ ಬೇಕಾದದ್ದು ಒಂದು ಪತ್ರ ಮತ್ತು ಒಂದು ಫೋನ್ ನಂಬರ್ ಅಷ್ಟೇ.

ಜೊತೆಗೆ ನಾಲ್ಕು ತುಳು ಮಾತು ಕಲಿಸಿ ಕಳಿಸಿದೆ. “ಎಂಕ್ ತುಳು ಬರ್ಪುಜಿ” ಮೊದಲನೆಯದು, ನನಗೆ ತುಳು ಬರುವುದಿಲ್ಲ ಎಂದು. ಅದನ್ನು ತುಳುವಿನಲ್ಲೇ ಹೇಳಿದರೆ ಎದುರಿನವರ ಮುಖ ಅರಳುವುದನ್ನು ನೋಡಬೇಕು. “ವನಸ್ ಆಂಡಾ” ಎರಡನೆಯದು, ಊಟ ಆಯಿತಾ ಎಂದು. ಉಳಿದೆರಡನ್ನು ಅವಳು ಆ ವಾರವೇ ಮರೆತಳು.

ಮೊದಲ ಎರಡು ವಾರ ಪುಸ್ತಕ ನೋಡಿ ಓದುವುದು ಬಿಟ್ಟರೆ ಅವಳು ಮಾತಾಡಲಿಲ್ಲವಂತೆ. ಮೂರನೆಯ ವಾರ ಜ್ವರ ಬಂದು ಹೋಗಲಿಲ್ಲ. ಸಂಜೆ ಆರು ಗಂಟೆಗೆ ಫೋನ್. “ನೀನಿಲ್ಲದೆ ಎಂತದೂ ಆಗುದಿಲ್ಲ ಮಾರಾಯ್ತಿ, ಪುಸ್ತಕ ಎಲ್ಲುಂಟು?” ಪುಸ್ತಕ ಅವಳ ಬ್ಯಾಗಿನಲ್ಲಿತ್ತು. ಇಬ್ಬರು ಹುಡುಗಿಯರು ಹಾಸ್ಟೆಲಿಗೇ ಬಂದು ತೆಗೆದುಕೊಂಡು ಹೋದರು. ಬರುವಾಗ ಗಂಜಿಗೆಂದು ಉಪ್ಪಿನಕಾಯಿ ತಂದಿದ್ದರು. ಇದನ್ನು ಹೇಳುವಾಗ ಅವಳ ದನಿ ಬೇರೆಯೇ ಆಗಿತ್ತು.

ಪ್ರದರ್ಶನದ ದಿನ ಅವಳು ರಂಗಕ್ಕೆ ಬರಲಿಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಇದ್ದಳು. ವೇಷ ಕಟ್ಟಲು ಎಷ್ಟು ಕೈ ಇದ್ದರೂ ಸಾಲದು. ಒಬ್ಬರು ಸೀರೆ ಹಿಡಿಯಬೇಕು, ಒಬ್ಬರು ಬಿಗಿದು ಕಟ್ಟಬೇಕು, ಗೆಜ್ಜೆಗೆ ಇನ್ನೊಬ್ಬರು. ನಾನು ಒಳಗೆ ಇಣುಕಿದಾಗ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಯಾರದೋ ಸೊಂಟದ ಹಗ್ಗ ಎಳೆಯುತ್ತಿದ್ದಳು. ನನ್ನನ್ನು ನೋಡಲಿಲ್ಲ. ಸುಮ್ನೆ ಹಿಂದೆ ಬಂದೆ.

ಹೆತ್ತವರಿಗೆ ಒಂದು ಮಾತು. ಭಾಗ್ಯಳ ಅಪ್ಪ ನವೆಂಬರಿನಲ್ಲೇ ಫೋನ್ ಮಾಡಿ, “ಅಳಾಕತ್ತಾಳ್ರಿ, ಕರ್ಕೊಂಡು ಬರ್ತೀನಿ” ಎಂದಿದ್ದರು. ಒಂದು ಸೆಮಿಸ್ಟರ್ ಕಾಯಿರಿ, ಪ್ರತಿ ಭಾನುವಾರ ಫೋನ್ ಮಾಡಿ, ‘ಹೊಂದಿಕೊಂಡಿಯಾ’ ಎಂದು ಕೇಳಬೇಡಿ, ‘ಇವತ್ತು ಯಾರ ಜೋಡಿ ಉಂಡಿ’ ಎಂದು ಕೇಳಿ ಎಂದೆ. ಅವರು ಹಾಗೆಯೇ ಮಾಡಿದರು. ಆದರೆ ಎರಡು ವಾರಕ್ಕಿಂತ ಜಾಸ್ತಿ ಮಗು ಸರಿಯಾಗಿ ಉಣ್ಣದಿದ್ದರೆ, ನಿದ್ದೆ ಇಲ್ಲದಿದ್ದರೆ, ಜನರ ಎದುರು ನಿಂತರೆ ಎದೆ ಹೊಡೆದುಕೊಂಡು ಕ್ಲಾಸಿಗೇ ಹೋಗಲಾಗದಿದ್ದರೆ, ಅದಕ್ಕೆ ಕ್ಲಬ್ ಔಷಧಿ ಅಲ್ಲ. ಮನೋವೈದ್ಯರನ್ನು ನೋಡಲೇಬೇಕು. ಯಾರಿಗೆ ಹೇಳುವುದು ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 2022ರಿಂದ ನಡೆಯುತ್ತಿದೆ. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಸಂಘ ನಡೆಸುವ ಸೀನಿಯರುಗಳಿಗೆ ನಾನು ವರ್ಷವೂ ಹೇಳುವುದುಂಟು. ತುಳು ಮಾತಾಡಿ, ಅದು ನಿಮ್ಮ ಅಮ್ಮನ ಭಾಷೆ. ಆದರೆ ಗುಂಪಿನಲ್ಲಿ ಒಬ್ಬರಿಗೆ ಅರ್ಥವಾಗುತ್ತಿಲ್ಲ ಎಂದು ಗೊತ್ತಿದ್ದರೆ, ನಕ್ಕ ಮೇಲೆ ಯಾಕೆ ನಕ್ಕದ್ದೆಂದು ಅವರಿಗೊಮ್ಮೆ ಕನ್ನಡದಲ್ಲಿ ಹೇಳಿ. ಯಾರ ಮಾತಿನ ದಾಟಿ ಚಂದ ಅನ್ನಿಸಿದರೂ ಎಲ್ಲರ ಮುಂದೆ ಇನ್ನೊಮ್ಮೆ ಹೇಳಿಸಬೇಡಿ, ಒಬ್ಬರೇ ಇದ್ದಾಗ ಹೇಳಿ. ಹೊಸಬರ ಹೆಸರು ಬರೆದುಕೊಂಡು ಗುಂಪಿಗೆ ಸೇರಿಸಿದರೆ ಮುಗಿಯಲಿಲ್ಲ. ಒಂದು ಕೆಲಸ ಕೊಡಿ, ಮೊದಲ ವಾರವೇ.

ಹೊಸದಾಗಿ ಬಂದ ಮಕ್ಕಳು ಎಷ್ಟು ಕ್ಲಬ್ಬಿಗೆ ಸೇರಬೇಕು ಎಂದು ಕೇಳುತ್ತಾರೆ. ಮೊದಲ ವರ್ಷ ಒಂದು, ಜಾಸ್ತಿ ಅಂದರೆ ಎರಡು. ಫೆಸ್ಟಿನ ಓಡಾಟಕ್ಕೆ ಹಾಜರಿ ಕೊಟ್ಟರೂ ತಪ್ಪಿದ ಪಾಠ ಯಾರೂ ವಾಪಸು ಕೊಡುವುದಿಲ್ಲ. ಸೇರಿದ ಮೇಲೆ ಆರು ಸಲ ಹೋಗಿ. ಎರಡನೆಯ ಸಲಕ್ಕೆ ಬಿಡಬೇಡಿ. ಆರು ಸಲದ ನಂತರವೂ ಅಲ್ಲಿ ಯಾರಿಗೂ ನಿಮ್ಮ ಹೆಸರು ಗೊತ್ತಿಲ್ಲದಿದ್ದರೆ ಬೇರೆ ಕಡೆ ಹೋಗಿ. ಅದು ನಿಮ್ಮ ಸೋಲಲ್ಲ.

ಭಾಗ್ಯ ಈಗಲೂ ಡಿಬೇಟಿಗೆ ಹೋಗುವುದಿಲ್ಲ. ಆ ಸೀನಿಯರ್‌ಗೆ ಮಾತ್ರ ಉತ್ತರ ಬರೆದಿದ್ದಾಳೆ. ಹಬ್ಬಕ್ಕೆ ಊರಿಗೆ ಹೋಗಿ ಬಂದ ಮೇಲೆ ಒಂದು ವಾರ ಮಂಕಾಗಿರುತ್ತಾಳೆ. ತಿಂಗಳಿಗೊಮ್ಮೆ ನನ್ನ ಹತ್ತಿರ ಬರುತ್ತಾಳೆ. ಮೊನ್ನೆ ಮುಂದಿನ ಭೇಟಿಗೆ ಗುರುವಾರ ಎಂದು ಬರೆಯಲು ಹೊರಟಿದ್ದೆ. ತಡೆದಳು.

“ಗುರುವಾರ ಪ್ರಾಕ್ಟೀಸ್ ಉಂಟ್ರಿ ಮೇಡಂ. ಶುಕ್ರವಾರ ಬರ್ಲೇನ್ರಿ?”

ಶುಕ್ರವಾರ ಎರಡು ಗಂಟೆಗೆ ಎಂದು ಬರೆದುಕೊಂಡೆ.