ಡೊಂಬಿವಿಲಿಯಿಂದ ಅಂಧೇರಿಗೆ ದಿನಾ ಓಡಾಡುವ ಡೀಸೆಲ್ ಕಾರಿನಲ್ಲಿ ಡಿಪಿಎಫ್ ದೀಪ ಪದೇ ಪದೇ ಹತ್ತುವುದೇಕೆ?

ಕಾರಿಗೆ ಬಿಡುವಾಗಿ ಓಡೋಕೆ ರಸ್ತೆ ಸಿಗುತ್ತಿಲ್ಲ, ಅದಕ್ಕೆ. ಆಗಾಗ ಇಪ್ಪತ್ತು ನಿಮಿಷ, 60 ಕಿ.ಮೀ. ಮೇಲಿನ ಒಂದೇ ವೇಗದಲ್ಲಿ ಓಡಿಸಿ. ಕಳಂಬೊಳಿಯಿಂದ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಹಿಡಿದರೆ ಸಾಕು.

ಡಿಪಿಎಫ್ ಅಂದರೆ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಮಸಿ ಹಿಡಿದಿಡುವ ಫಿಲ್ಟರ್. ಅದು ತುಂಬುತ್ತಾ ಬಂದಾಗ ಎಂಜಿನ್ ಸ್ವಲ್ಪ ಜಾಸ್ತಿ ಡೀಸೆಲ್ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿವರೆಗೆ ಕಾಯಿಸಿ ಮಸಿಯನ್ನು ಸುಟ್ಟುಬಿಡುತ್ತದೆ. ಜೋಗೇಶ್ವರಿ-ವಿಕ್ರೋಲಿ ರಸ್ತೆಯಲ್ಲಿ ಇಂಚಿಂಚು ಸರಿಯುವಾಗ ಅಷ್ಟು ಬಿಸಿ ಏರುವುದಿಲ್ಲ. ಏರುವಷ್ಟರಲ್ಲಿ ಆಫೀಸು ಬಂದಿರುತ್ತದೆ, ಅಲ್ವಾ?

ಗಾಡಿ ನಿಲ್ಲಿಸಿದಾಗ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ, ಐಡ್ಲಿಂಗ್ (ನಿಂತಲ್ಲೇ ಎಂಜಿನ್ ತಿರುಗುವ ವೇಗ) ಎಂದಿಗಿಂತ ಹೆಚ್ಚಿದ್ದರೆ, ಕಾದ ವಾಸನೆ ಬಂದರೆ ಒಳಗೆ ಸುಡುವ ಕೆಲಸ ನಡೆದಿದೆ ಎಂದರ್ಥ. ಆಗ ಕೀ ತಿರುಗಿಸಿ ಎಂಜಿನ್ ಆಫ್ ಮಾಡಬೇಡಿ, ಇನ್ನೊಂದು ಸುತ್ತು ಹೊಡೆದು ಬನ್ನಿ. ಪದೇ ಪದೇ ಅರ್ಧಕ್ಕೆ ನಿಲ್ಲಿಸಿದರೆ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ತೆಳ್ಳಗೆ ಮಾಡುತ್ತದೆ. ಟ್ಯಾಂಕ್ ತಳ ಕಂಡಿದ್ದರೆ ಎಷ್ಟೋ ಕಾರುಗಳು ಈ ಕೆಲಸ ಶುರುವೇ ಮಾಡುವುದಿಲ್ಲ.

ಆಯಿಲ್ ಬದಲಿಸುವಾಗ ಕಡಿಮೆ ಬೂದಿ ಬಿಡುವಂಥದ್ದನ್ನೇ ಹಾಕಿಸಿ. ಮಸಿ ಸುಡುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ. ದೀಪದ ಜೊತೆ ಪಿಕಪ್ಪೂ ಬಿದ್ದಿದ್ದರೆ ಹೈವೇ ಓಟದ ಮಾತು ಬಿಡಿ, ಸೀದಾ ಸರ್ವಿಸ್ ಸೆಂಟರ್‌ಗೆ ಹೋಗಿ.